ಅಕ್ಷರಕ್ಕೊಂದು ಎತ್ತರದ ತಾವು

ಕೊಡಗಿಗೆ ಹೋಗುವ ಪ್ರವಾಸಿಗರು ಬೆಟ್ಟಗಳನ್ನು ನೋಡುತ್ತಾರೆ, ಮಂಜನ್ನು ನೋಡುತ್ತಾರೆ, ರಾಜರ ಸೀಟಿನ ಕಟ್ಟೆಯ ಮೇಲೆ ಕುಳಿತು ಸೂರ್ಯಾಸ್ತವನ್ನು ಕಾಣುತ್ತಾರೆ. ಆದರೆ ಅಕ್ಷರಗಳನ್ನು ಓದುವುದಕ್ಕೆಂದು ಆ ನಾಡಿಗೆ ಹೋಗುವವರು ವಿರಳ. ಕಳೆದ ರಜೆಯ ನಾಲ್ಕು ದಿನಗಳನ್ನು ನಾನು ಈ ವಿಚಿತ್ರ ಹವ್ಯಾಸದಲ್ಲಿ ಕಳೆದೆ. ದೇವರ ನುಡಿಯನ್ನು ಮನುಷ್ಯನು ದಿನಬಳಕೆಯ ವಸ್ತುವಿನ ಮೇಲೆ ಬರೆದಾಗ ಆ ನುಡಿಯ ಗತಿ ಏನಾಗುತ್ತದೆ ಎಂಬುದು ನನ್ನನ್ನು ಕಾಡುತ್ತಿದ್ದ ಪ್ರಶ್ನೆ.

ಮಡಿಕೇರಿಯ ಓಂಕಾರೇಶ್ವರ ದೇವಾಲಯದಿಂದಲೇ ಆರಂಭಿಸೋಣ. 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಈ ಶಿವಾಲಯಕ್ಕೆ ಗೋಪುರವಿಲ್ಲ. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು. ದೂರದಿಂದ ನೋಡಿದವರು ಮಸೀದಿಯೆಂದೇ ಭಾವಿಸಬೇಕು. ಹತ್ತಿರ ಹೋದರೆ ಕಿಟಕಿಯ ಲೋಹದ ಸರಳುಗಳ ನಡುವೆ ‘ಓಂ’ಕಾರ ಕಾಣುತ್ತದೆ. ಊರಿನ ಇನ್ನೊಂದು ದಿಬ್ಬದ ಮೇಲಿರುವ ಗದ್ದಿಗೆಯೂ ಅಂಥದೇ. ವೀರಶೈವ ಅರಸರ ಸಮಾಧಿಗಳ ಮೇಲೆ ಇಸ್ಲಾಮೀ ಶೈಲಿಯ ಗುಮ್ಮಟಗಳು ನಿಂತಿವೆ. ಅವುಗಳ ಜೊತೆಗೇ ಬಸವಣ್ಣ ಕುಳಿತಿದ್ದಾನೆ. ಇಲ್ಲಿಯ ಶಿಲ್ಪಿಗಳಿಗೆ ಆಕಾರದ ವಿಷಯದಲ್ಲಿ ಮಡಿವಂತಿಕೆ ಇರಲಿಲ್ಲ. ಆದರೆ ಅಕ್ಷರದ ವಿಷಯದಲ್ಲಿ ಅವರು ಎಚ್ಚರ ತಪ್ಪಲಿಲ್ಲ. ಓಂಕಾರವನ್ನು ಕಿಟಕಿಗೆ ಏರಿಸಿದರೇ ಹೊರತು ಹೊಸ್ತಿಲಿಗೆ ಇಳಿಸಲಿಲ್ಲ.

ಈ ಎಚ್ಚರ ಎಲ್ಲ ಕಾಲದಲ್ಲಿಯೂ ಸುಲಭವಾಗಿರಲಿಲ್ಲ ಎಂಬುದಕ್ಕೆ ಮಡಿಕೇರಿಯ ಕೋಟೆಯೇ ನೆನಪಿನ ಕಲ್ಲು. ಟಿಪ್ಪು ಸುಲ್ತಾನನು ಈ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟನು. ಆ ಕಾಲದ ಸೆರೆ ಮತ್ತು ಸಾವುಗಳ ನೋವು ಕೊಡಗಿನ ಮನದಿಂದ ಇಂದಿಗೂ ಮಾಸಿಲ್ಲ. 1790ರಲ್ಲಿ ದೊಡ್ಡವೀರರಾಜೇಂದ್ರನು ಕೋಟೆಯನ್ನು ಮರಳಿ ಪಡೆದ ಮೇಲೆ ಆ ಹೆಸರು ಅಳಿಯಿತು. ಆದರೆ ಟಿಪ್ಪುವಿನ ನಾಣ್ಯಗಳು ಉಳಿದಿವೆ, ಅವುಗಳ ಹೆಸರುಗಳೂ ಉಳಿದಿವೆ. ಅವನ ಚಿನ್ನದ ನಾಣ್ಯಗಳು ಅಹ್ಮದಿ, ಸಿದ್ದೀಕಿ, ಫಾರೂಕಿ. ಪ್ರವಾದಿಗಳ ಹಾಗೂ ಮೊದಲ ಖಲೀಫರ ಸ್ಮರಣೆ. ಬೆಳ್ಳಿಯವು ಹೈದರಿ, ಇಮಾಮಿ, ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ. ಹೆಚ್ಚಿನವು ಇಮಾಮರ ನಾಮಗಳು. ರೂಪಾಯಿಯ ಮೇಲೆ ಪ್ರವಾದಿಯ ಧರ್ಮದ ಕೀರ್ತಿಯನ್ನು ಸಾರುವ ಪಾರಸಿ ವಾಕ್ಯ. ತಾಮ್ರದ ಚಿಲ್ಲರೆಗೆ ಮಾತ್ರ ಜೊಹ್ರಾ, ಬಹ್ರಾಮ್, ಅಖ್ತರ್, ಕುತುಬ್ ಎಂಬ ಗ್ರಹತಾರೆಗಳ ಹೆಸರುಗಳು. ಎರಡು ಪೈಸೆಯ ದೊಡ್ಡ ತಾಮ್ರದ ನಾಣ್ಯಕ್ಕೆ ಮೊದಲು ಖಲೀಫ ಉಸ್ಮಾನರ ನೆನಪಿನ ಹೆಸರಿತ್ತು; ಅದು ಮುಂದೆ ‘ಮುಷ್ತರಿ’, ಅಂದರೆ ಗುರುಗ್ರಹವಾಯಿತು.

ನಾಣ್ಯವೆಂಬುದು ಯಾರ ಕೈಗೆ ಹೋಗುವುದಿಲ್ಲ? ಸಂತೆಯ ಮೀನಿನ ಬುಟ್ಟಿಗೆ, ಹೆಂಡದ ಅಂಗಡಿಗೆ, ಕೆಸರಿಗೆ, ಕಾಲಡಿಗೆ. ಕ್ರಿ.ಶ. 697ರ ಸುಮಾರಿಗೆ ಖಲೀಫ ಅಬ್ದುಲ್ ಮಲಿಕ್ ತನ್ನ ಚಿನ್ನದ ದೀನಾರಿನಿಂದ ಚಿತ್ರಗಳನ್ನು ತೆಗೆದು ಕುರಾನಿನ ವಾಕ್ಯಗಳನ್ನು ಅಚ್ಚೊತ್ತಿಸಿದನು. ಅಂದಿನಿಂದಲೂ ಈ ಪ್ರಶ್ನೆ ನಾಣ್ಯದ ಬೆನ್ನಿಗೇ ಅಂಟಿಕೊಂಡಿತು. ಅಕ್ಬರನ, ಷಹಜಹಾನನ ನಾಣ್ಯಗಳಲ್ಲಿ ಕಲಿಮಾ ಇತ್ತು. 1658ರಲ್ಲಿ ಪಟ್ಟಕ್ಕೆ ಬಂದ ಔರಂಗಜೇಬನು ಅದನ್ನು ನಿಲ್ಲಿಸಿದನು. ಅನ್ಯರ ಕೈಯಲ್ಲಿ, ಕಾಲ ಕೆಳಗೆ ಪವಿತ್ರ ವಾಕ್ಯಕ್ಕೆ ಅಪಚಾರವಾದೀತು ಎಂಬುದೇ ಕಾರಣ. ಒಬ್ಬ ಅರಸನು ಭಕ್ತಿಯಿಂದ ಬರೆಸಿದ, ಇನ್ನೊಬ್ಬನು ಭಕ್ತಿಯಿಂದಲೇ ಅಳಿಸಿದ. ಎರಡರ ಹಿಂದೆಯೂ ಇದ್ದುದು ಗೌರವವೇ.

ಮರುದಿನ ನಾಪೋಕ್ಲಿನ ಹಾದಿ ಹಿಡಿದೆ. ಕಾಫಿಯ ತೋಟಗಳ ನಡುವೆ ಗದ್ದೆಯ ಬಯಲುಗಳು ಹಸಿರು ಸೆರಗಿನಂತೆ ಹಾಸಿದ್ದವು. ನಾಪೋಕ್ಲಿನಿಂದ ಮುಂದೆ ಎಮ್ಮೆಮಾಡು. ಇಲ್ಲಿಯ ಸೂಫಿ ಶಹೀದರ ದರ್ಗಾಕ್ಕೆ ಉರೂಸಿನ ಕಾಲದಲ್ಲಿ ಜನಸಾಗರವೇ ಹರಿಯುತ್ತದೆ. ಮುಸಲ್ಮಾನರ ಜೊತೆಗೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಈ ಸೀಮೆಯಲ್ಲಿ ‘ಜಮ್ಮಾ ಮಾಪಿಳ್ಳೆ’ ಎಂದು ಕರೆಯಿಸಿಕೊಳ್ಳುವ ಮುಸ್ಲಿಂ ಮನೆತನಗಳಿವೆ. ಮತ ಬದಲಾದರೂ ಕೊಡವ ಒಕ್ಕದ ಹೆಸರನ್ನು ಅವರು ಬಿಡಲಿಲ್ಲ. ಹೆಸರು ಎಂಬ ಎರಡಕ್ಷರ ಮೂರಕ್ಷರಕ್ಕೆ ಮನುಷ್ಯ ಎಷ್ಟು ಬೆಲೆ ಕೊಡುತ್ತಾನೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ದಾರಿಯ ಬದಿಯ ಒಂದು ಅಂಗಡಿಯಲ್ಲಿ ಹಸಿರು ಬಟ್ಟೆಯ ಚಾದರಗಳು, ಗೋಡೆಯ ಪಂಚಾಂಗಗಳು, ಕೀಲಿಕೈಯ ಗೊಂಚಲುಗಳು, ಜೀಪಿನ ಗಾಜಿಗೆ ಅಂಟಿಸುವ ಚೀಟಿಗಳು ತೂಗುತ್ತಿದ್ದವು. ಎಲ್ಲದರ ಮೇಲೂ ಅರಬ್ಬೀ ಬರಹ. ಅಂಗಡಿಯ ವೃದ್ಧರೊಡನೆ ಮಾತಿಗಿಳಿದೆ.

“ಕಾಕಾ, ವರ್ಷ ಮುಗಿದ ಮೇಲೆ ಈ ಪಂಚಾಂಗಗಳನ್ನು ಏನು ಮಾಡುತ್ತೀರಿ?” ಎಂದು ಕೇಳಿದೆ.

“ಒಳ್ಳೇ ಪ್ರಶ್ನೆ ಕೇಳಿದಿರಿ ಮೇಷ್ಟ್ರೇ,” ಎಂದರು ಅವರು. “ಕುರಾನಿನ ಮಾತು ಇರುವ ಭಾಗವನ್ನು ಕತ್ತರಿಸಿ ಎತ್ತಿಡ್ತೇವೆ. ಒಟ್ಟಾದ ಮೇಲೆ ಶುದ್ಧವಾದ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಜಾಗ ನೋಡಿ ಮಣ್ಣು ಮಾಡ್ತೇವೆ. ಹರಿಯುವ ನೀರಿಗೆ ಬಿಡುವವರೂ ಇದ್ದಾರೆ. ಆದರೆ ಕಾವೇರಿಯ ನೀರು ಕುಡಿಯುವವರು ನಾವು. ಅದನ್ನೂ ಶುದ್ಧವಾಗಿ ಇಡಬೇಕಲ್ಲ?”

ಈ ಉತ್ತರ ಕೇಳಿ ನನಗೆ ಸಂತೋಷವಾಯಿತು. ಸುಟ್ಟು ಬೂದಿಯನ್ನು ಹೂಳುವ ಕ್ರಮವೂ ಉಂಟು. ಆ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಕ್ರಮ ಯಾವುದೇ ಇರಲಿ, ಕಸದ ಬುಟ್ಟಿ ಆ ಅಕ್ಷರದ ಕೊನೆಯಾಗಬಾರದು ಎಂಬಲ್ಲಿ ಎಲ್ಲರದೂ ಒಂದೇ ಮಾತು.

ಅಂಗಡಿಯ ಮುಂದೆ ನಿಂತಿದ್ದ ಜೀಪಿನ ಮೇಲೆ 786 ಎಂಬ ಅಂಕಿ ಇತ್ತು. ದೇವರ ಹೆಸರಿನಿಂದ ಆರಂಭಿಸುವ ‘ಬಿಸ್ಮಿಲ್ಲಾ’ ವಾಕ್ಯದ ಅಕ್ಷರಗಳಿಗೆ ಹಳೆಯ ಅಬ್ಜದ್ ಲೆಕ್ಕದಲ್ಲಿ ಬೆಲೆ ಕಟ್ಟಿ ಕೂಡಿದರೆ ಈ ಮೊತ್ತ ಬರುತ್ತದೆ. ಕಾಗದ ಹರಿದುಹೋದೀತು, ರಶೀದಿ ಬೀದಿಗೆ ಬಿದ್ದೀತು. ಮಂತ್ರದ ಬದಲು ಅಂಕಿಯಿದ್ದರೆ ಅಪಚಾರವಿಲ್ಲ ಎಂಬುದು ಅದನ್ನು ಬಳಸುವವರ ಉಪಾಯ. ಈ ಪದ್ಧತಿಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೂ ಕಾಗದದ ತಲೆಯ ಮೇಲೆ ‘ಶ್ರೀ’ ಬರೆದು ಬೆಳೆದ ನಮಗೆ ಆ ಉಪಾಯದ ಹಿಂದಿನ ಮನಸ್ಸು ಅಪರಿಚಿತವಲ್ಲ.

ಹೊರಜಗತ್ತು ಈ ಪಾಠವನ್ನು ಕಷ್ಟಪಟ್ಟೇ ಕಲಿಯಿತು. 1997ರಲ್ಲಿ ನೈಕಿ ಕಂಪನಿಯ ಪಾದರಕ್ಷೆಯ ಮೇಲಿನ ಗುರುತು ಅರಬ್ಬಿಯ ‘ಅಲ್ಲಾಹ್’ ಶಬ್ದವನ್ನು ಹೋಲುತ್ತದೆಂದು ಆಕ್ಷೇಪ ಬಂದು, ಕಂಪನಿಯು ಕ್ಷಮೆ ಕೋರಿ 38,000 ಜೊತೆಗಳನ್ನು ಹಿಂದಕ್ಕೆ ಪಡೆಯಿತು. ಸೌದಿ ಅರೇಬಿಯದ ಬಾವುಟದ ಮೇಲೆ ಕಲಿಮಾ ಇರುವುದರಿಂದ ಅದನ್ನು ಶೋಕದ ದಿನಗಳಲ್ಲಿಯೂ ಅರ್ಧಕ್ಕೆ ಇಳಿಸುವುದಿಲ್ಲ. ಇದನ್ನರಿಯದೆ 2007ರಲ್ಲಿ ಆಫ್ಘಾನಿಸ್ತಾನದ ಖೋಸ್ತ್ ಪ್ರಾಂತದಲ್ಲಿ ಅಮೆರಿಕದ ಸೈನ್ಯವು ಆ ಬಾವುಟದ ಚಿತ್ರವಿದ್ದ ಕಾಲ್ಚೆಂಡುಗಳನ್ನು ಮಕ್ಕಳಿಗೆಂದು ಹಂಚಿತು. ಪ್ರೀತಿಯ ಕಾಣಿಕೆ ಪ್ರತಿಭಟನೆಗೆ ಕಾರಣವಾಯಿತು. ಒದೆಯುವ ವಸ್ತುವಿನ ಮೇಲೆ ದೇವರ ನಾಮವೇ?

ಆದರೆ ಗೌರವಕ್ಕೆ ತಿಳಿವಳಿಕೆಯ ಹಿಡಿತವಿಲ್ಲದಿದ್ದರೆ ಅದೂ ಅಪಾಯವೇ. 2024ರ ಫೆಬ್ರುವರಿಯಲ್ಲಿ ಲಾಹೋರಿನ ಪೇಟೆಯಲ್ಲಿ ಒಬ್ಬ ಹೆಣ್ಣುಮಗಳ ಉಡುಪಿನ ಮೇಲೆ ಅರಬ್ಬೀ ಅಕ್ಷರಗಳಿದ್ದುದನ್ನು ಕಂಡು, ಅದು ಕುರಾನಿನ ವಾಕ್ಯವೆಂದು ಜನ ಮುತ್ತಿದರು. ಶಹರ್‌ಬಾನೊ ನಖ್ವಿ ಎಂಬ ಪೋಲೀಸು ಅಧಿಕಾರಿಣಿ ಧೈರ್ಯದಿಂದ ನುಗ್ಗಿ ಆಕೆಯನ್ನು ಪಾರುಮಾಡಿದರು. ಬಟ್ಟೆಯ ಮೇಲಿದ್ದ ಶಬ್ದ ‘ಹಲ್ವಾ’. ಅರಬ್ಬಿಯಲ್ಲಿ ಸಿಹಿ, ಸೊಗಸು ಎಂದರ್ಥ. ಒಂದು ಸಿಹಿ ಶಬ್ದಕ್ಕಾಗಿ ಒಂದು ಜೀವ ಹೋಗುವುದಿತ್ತು!

ಅರಬ್ಬೀ ಲಿಪಿಯೆಲ್ಲ ಕುರಾನಲ್ಲ. ಕೊಲ್ಲಿ ನಾಡಿನಿಂದ ಕೊಡಗಿನ ಮನೆಗಳಿಗೆ ಬರುವ ಖರ್ಜೂರದ ಡಬ್ಬಿಯ ಮೇಲೆ ಇರುವುದು ತೂಕ ಮತ್ತು ವ್ಯಾಪಾರಿಯ ವಿಳಾಸ. ಉರ್ದು ಪತ್ರಿಕೆಯಲ್ಲಿ ಅಡಿಕೆಯ ಧಾರಣೆಯೂ ಇರುತ್ತದೆ. ಮಾಪಿಳ್ಳೆಗಳ ಅರಬಿ–ಮಲಯಾಳದಲ್ಲಿ ಪ್ರಾರ್ಥನೆಯ ಜೊತೆಗೆ ಪ್ರೇಮಗೀತೆಯೂ ಉಂಟು. ತಿಳಿಯದಿದ್ದಾಗ ನೆರೆಯವರನ್ನು ಕೇಳುವುದೇ ಮೇಲು. ಕೇಳುವವರೆಗೆ ಆ ಕಾಗದವನ್ನು ನೆಲದಿಂದೆತ್ತಿ ಗೂಡಿನಲ್ಲಿಟ್ಟರೆ ನಷ್ಟವೇನಿಲ್ಲ.

ಇದು ಮುಸಲ್ಮಾನರಿಗೆ ಮಾತ್ರ ಸಂಬಂಧಿಸಿದ ಮಾತೆಂದು ವಾಚಕರು ಎಣಿಸಬಾರದು. ನಮ್ಮ ಮನೆಗಳಿಗೆ ಬರುವ ಲಗ್ನಪತ್ರಿಕೆಗಳ ಮೇಲಿನ ಗಣಪತಿ ಮದುವೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾನೆ? ಊದುಬತ್ತಿಯ ಪೊಟ್ಟಣದ ಮೇಲಿನ ಲಕ್ಷ್ಮಿ? ಗೋಡೆಯ ಬಳಿ ಗಲೀಜು ಮಾಡದಿರಲೆಂದು ಕೂಡಿಸಿದ ಸಾಲು ದೇವರುಗಳು? ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಗು ಆ ಪುಸ್ತಕ ಯಾವ ಭಾಷೆಯದೆಂದು ಕೇಳುವುದಿಲ್ಲ.

ಎಮ್ಮೆಮಾಡಿನಿಂದ ಹೊರಟಾಗ ಕಾಕ ಒಂದು ಚಿಕ್ಕ ಪಂಚಾಂಗವನ್ನು ನನ್ನ ಕೈಗಿತ್ತು, “ಎತ್ತರದ ಮೊಳೆಗೆ ತೂಗುಹಾಕಿ ಮೇಷ್ಟ್ರೇ, ಮಕ್ಕಳ ಕಾಲು ತಾಗದಂತೆ,” ಎಂದರು. ಬಸ್ಸಿನಲ್ಲಿ ಅದನ್ನು ಸುರುಳಿ ಸುತ್ತಿ ತೊಡೆಯ ಮೇಲಿರಿಸಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಕೊಡವ ಮುದುಕಿಯೊಬ್ಬರು ತಮ್ಮ ಕೈಚೀಲವನ್ನು ಮೆಲ್ಲನೆ ಅತ್ತ ಸರಿಸಿ ಅದಕ್ಕೆ ತಾವು ಮಾಡಿಕೊಟ್ಟರು.