ಅಂಗೈಯಲ್ಲಿ ಒಂದು ಗೂಡ್ಸು ಬಂಡಿ

ಮುದುಕನೊಬ್ಬನು ಆಟಿಕೆ ಮಾಡುತ್ತ ಕುಳಿತರೆ ಮನೆಯವರು ನಗುವುದು ಸಹಜವೇ. ಹೋದ ಮಳೆಗಾಲದಲ್ಲಿ ನಾನು ರಟ್ಟು, ಅಂಟು, ಹಿತ್ತಾಳೆಯ ತಂತಿಗಳನ್ನು ಹರಡಿಕೊಂಡು ಜಗಲಿಯಲ್ಲಿ ಕುಳಿತಾಗ ನನ್ನ ಮನೆಯಾಕೆಯೂ ನಕ್ಕಳು. ನಾನು ಮಾಡುತ್ತಿದ್ದುದು ಮೀಟರ್ ಗೇಜಿನ ಹಳೆಯ ಗೂಡ್ಸು ಬಂಡಿಯೊಂದರ ಪ್ರತಿಕೃತಿ. 1992ರಲ್ಲಿ ಯುನಿಗೇಜ್ ಯೋಜನೆ ಆರಂಭವಾದ ಮೇಲೆ ನಮ್ಮ ಕಡೆಯ ಹಳಿಗಳು ಒಂದೊಂದಾಗಿ ಅಗಲವಾದುವು. ಆ ನಾಲ್ಕು ಗಾಲಿಯ ಬಂಡಿಗಳೂ ಕಣ್ಮರೆಯಾದುವು. ನನ್ನ ಅಣ್ಣನು ಗೂಡ್ಸು ಗಾರ್ಡಾಗಿ ಅವುಗಳ ಹಿಂದೆಯೇ ಆಯುಷ್ಯವನ್ನು ಸವೆಸಿದವನು. ಅವನಿಗೆ ಎಂಬತ್ತು ತುಂಬುವ ದಿನ ಅದನ್ನು ಕೊಡಬೇಕೆಂದು ನನ್ನ ಆಸೆ.

ನಾನು ಹಿಡಿದ ಪ್ರಮಾಣ 87ಕ್ಕೆ 1. ಆರು ಮೀಟರ್ ಉದ್ದದ ಬಂಡಿ ಈ ಲೆಕ್ಕದಲ್ಲಿ ಸುಮಾರು 7 ಸೆಂಟಿಮೀಟರ್ ಆಗುತ್ತದೆ. ಒಂದು ಮೀಟರ್ ಅಗಲದ ಹಳಿಯು 11.5 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಕ್ಕುವುದು 12ರದು. ಆ ಅರ್ಧ ಮಿಲಿಮೀಟರಿನ ಸುಳ್ಳನ್ನು ಒಪ್ಪಿಕೊಂಡೆನು. ತೂಕದ ಮಾತು ಇನ್ನೂ ವಿಚಿತ್ರ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ, ಆರೂವರೆ ಟನ್ ತೂಗುವ ಬಂಡಿಯು ಸುಮಾರು 10 ಗ್ರಾಮಿಗೆ ಇಳಿಯುತ್ತದೆ. ಅಷ್ಟು ಹಗುರವಾದರೆ ಹಳಿಯ ಮೇಲೆ ನಿಲ್ಲದು. ಆದುದರಿಂದ ಒಳಗೆ ಸೀಸದ ಚೂರನ್ನು ಅಂಟಿಸಿದೆನು.

ಅಣ್ಣನು ಕನ್ನಡಕ ಏರಿಸಿ, ಬಂಡಿಯನ್ನು ತಿರುಗಿಸಿ ನೋಡಿ, “ಕೈಬ್ರೇಕು ಎಲ್ಲೋ?” ಎಂದನು.

“ಅಷ್ಟು ಸಣ್ಣದು ಯಾರ ಕಣ್ಣಿಗೆ ಬೀಳುತ್ತದೆ, ಅಣ್ಣಾ?”

ಅವನು ತುಸು ಹೊತ್ತು ಸುಮ್ಮನಿದ್ದು ಹೇಳತೊಡಗಿದನು. ಆ ಕಾಲದ ಬಂಡಿಗಳದು ನಿರ್ವಾತದ ಬ್ರೇಕು. ಕೊಳವೆಗೆ ಗಾಳಿ ನುಗ್ಗಿದರೆ ಬ್ರೇಕು ಹಿಡಿಯುತ್ತದೆ. ಆದರೆ ಬಿಡಿಸಿಟ್ಟ ಬಂಡಿಯ ಸಿಲಿಂಡರಿನಲ್ಲಿ ಉಳಿದ ನಿರ್ವಾತವು ಮೆಲ್ಲಮೆಲ್ಲನೆ ಕೆಟ್ಟು, ಹಿಡಿತವು ತಾನಾಗಿ ಸಡಿಲುತ್ತದೆ. ಆದುದರಿಂದ ಪಕ್ಕದಲ್ಲಿರುವ ಉದ್ದನೆಯ ಸನ್ನೆಯನ್ನು ಒತ್ತಿ ಕೀಲು ಹಾಕಲೇಬೇಕು. ಒಂದು ಮಳೆಯ ರಾತ್ರಿ, ಸಣ್ಣದೊಂದು ನಿಲ್ದಾಣದಲ್ಲಿ, ದಣಿದಿದ್ದ ಅವನು ಅದನ್ನು ಮರೆತು ಚಹಾಕ್ಕೆ ಹೊರಟನು. ಏನೋ ಅನುಮಾನ ಬಂದು ತಿರುಗಿ ನೋಡಿದರೆ ಬಂಡಿಯು ಇಳಿಜಾರಿನಲ್ಲಿ ಚಲಿಸುತ್ತಿತ್ತು. ಮುಂದಿನ ಗೇಟಿನಲ್ಲಿ ಎತ್ತಿನ ಗಾಡಿಗಳು ಹಳಿ ದಾಟುತ್ತಿದ್ದುವು. ಅವನು ಓಡಿಹೋಗಿ ಮೈಭಾರವನ್ನೆಲ್ಲ ಸನ್ನೆಯ ಮೇಲೆ ಹಾಕಿದನು. ಬಂಡಿ ನಿಂತಿತು, ಅವನ ಮಣಿಕಟ್ಟು ಮುರಿಯಿತು.

ಆ ಡೊಂಕು ಕೈಯನ್ನು ನಾನು ನಲವತ್ತು ವರ್ಷ ನೋಡಿದ್ದೆನು. ಬಚ್ಚಲಲ್ಲಿ ಜಾರಿಬಿದ್ದನೆಂದೇ ಮನೆಯಲ್ಲಿ ಎಲ್ಲರೂ ನಂಬಿದ್ದೆವು. “ತಪ್ಪು ನನ್ನದು. ಅಮ್ಮನಿಗೆ ಹೇಗೆ ಹೇಳಲಿ?” ಎಂದನು.

ಬಂಡಿಯನ್ನು ಮತ್ತೆ ಮನೆಗೆ ತಂದು, ಗುಂಡುಸೂಜಿಯನ್ನು ಬಗ್ಗಿಸಿ, ಮೂರು ರಾತ್ರಿ ಕುಳಿತು ಕೈಬ್ರೇಕನ್ನು ಕೂಡಿಸಿದೆನು. ಅಳತೆಗಳನ್ನೆಲ್ಲ ಲೆಕ್ಕಹಾಕಿದ ನನಗೆ ಆ ಬಂಡಿಯಲ್ಲಿ ಮುಖ್ಯವಾದುದು ಯಾವುದೆಂದು ತಿಳಿದಿರಲಿಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ದುಡಿದು ಹಣ್ಣಾದ ಹಿರಿಯರಿದ್ದಾರೆ. ಅವರ ಕಸುಬಿನ ವಸ್ತುವೊಂದನ್ನು ಕೈಗಿತ್ತು ನೋಡಿದರೆ, ಕೇಳದೆ ಉಳಿದ ಮಾತೊಂದು ಹೊರಬರಬಹುದು.

ಅಣ್ಣನು ಬಂಡಿಯನ್ನು ಗೂಡಿನಲ್ಲಿಡುವ ಮುನ್ನ ಕೇಳಿದನು: “ಸನ್ನೆ ಒತ್ತಿದೆಯೇನೋ?”

“ಒತ್ತಿದೆ, ಅಣ್ಣಾ.”