ಮಡ್‌ಗಾರ್ಡ್ ಇಲ್ಲದ ಸೈಕಲ್ಲು

ಕಳೆದ ದೀಪಾವಳಿಗೆ ನನ್ನ ಮಗಳ ಮಗನು ಬೆಂಗಳೂರಿನಿಂದ ಆಳಂದಕ್ಕೆ ಬಂದಿದ್ದನು. ಬಂದುದರಲ್ಲಿ ವಿಶೇಷವಿರಲಿಲ್ಲ, ಬಂದ ರೀತಿಯಲ್ಲಿ ವಿಶೇಷವಿತ್ತು. ಸೈಕಲ್ಲನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು ರೈಲಿನಲ್ಲಿ ಕಲಬುರಗಿಗೆ ಬಂದಿಳಿದು, ಸ್ಟೇಷನ್ನಿನ ಹೊರಗೆ ಅದಕ್ಕೆ ಗಾಲಿಗಳನ್ನು ಜೋಡಿಸಿ, ಅಲ್ಲಿಂದ ನಮ್ಮೂರಿನವರೆಗಿನ ಸುಮಾರು 40 ಕಿ.ಮೀ. ದಾರಿಯನ್ನು ತುಳಿದುಕೊಂಡೇ ಬಂದಿದ್ದನು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಮುಂದೆ ನೀರು ಕುಡಿಯಲು ನಿಂತದ್ದು ಬಿಟ್ಟರೆ ಎಲ್ಲಿಯೂ ನಿಲ್ಲಲಿಲ್ಲವಂತೆ. ಒಂದೂವರೆ ತಾಸಿನಲ್ಲಿ ಬಾಗಿಲಲ್ಲಿ ನಿಂತು, "ಮುತ್ಯಾ, ಬಂದೆ" ಎಂದನು. ಮೈಗಂಟಿದ ಅಂಗಿ, ಕಪ್ಪು ಚಡ್ಡಿ, ಕಣ್ಣಿಗೆ ದೊಡ್ಡ ಕನ್ನಡಕ. ಓಣಿಯ ಮಕ್ಕಳೆಲ್ಲ ಅವನ ಹಿಂದೆ ನೆರೆದಿದ್ದರು.

ನಮ್ಮ ಪಡಸಾಲೆಯ ಗೋಡೆಗೆ ನನ್ನ ಅಟ್ಲಾಸ್ ಸೈಕಲ್ಲು ಇಂದಿಗೂ ಒರಗಿ ನಿಂತಿದೆ. 1974ರಲ್ಲಿ, ಕೆಲಸಕ್ಕೆ ಸೇರಿದ ಮರುವರ್ಷ, ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು ಹಣ ಕೊಟ್ಟು ಕೊಂಡದ್ದು. ಅವನು ತನ್ನ ಸೈಕಲ್ಲನ್ನು ಅದರ ಪಕ್ಕದಲ್ಲಿ ನಿಲ್ಲಿಸಿದಾಗ ಎತ್ತಿನ ಪಕ್ಕದಲ್ಲಿ ಜಿಂಕೆ ನಿಂತಂತೆ ಕಂಡಿತು. ನಾನು ಗಣಿತದ ಮಾಸ್ತರ, ಕಣ್ಣಂದಾಜು ಒಪ್ಪುವವನಲ್ಲ. ನೆರೆಯ ತೊಗರಿ ವ್ಯಾಪಾರಿಯ ತೂಕದ ಯಂತ್ರದ ಮೇಲೆ ಎರಡನ್ನೂ ಇರಿಸಿ ನೋಡಿದೆವು. ಅವನದು 8 ಕಿಲೋ 600 ಗ್ರಾಂ, ನನ್ನದು 21 ಕಿಲೋ.

ಊಟದ ನಂತರ ಲೆಕ್ಕ ಮುಂದುವರಿಯಿತು. ನನ್ನ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18 ಹಲ್ಲು. ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಏರಾಗಲಿ ಇಳಿಜಾರಾಗಲಿ ಅಷ್ಟೇ. ಅವನ ಸೈಕಲ್ಲಿಗೆ ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರಗಳು, ಹಿಂದೆ 11ರಿಂದ 34ರವರೆಗಿನ ಹನ್ನೊಂದು. ಏರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿಗೂ ತುಸು ಹೆಚ್ಚು, ಸಮತಟ್ಟಿನಲ್ಲಿ ಒಂಬತ್ತೂವರೆ ಮೀಟರ್. ಇದನ್ನು ಹತ್ತನೆಯ ತರಗತಿಯಲ್ಲಿ ಅನುಪಾತದ ಲೆಕ್ಕವಾಗಿ ಕೊಡಬಹುದಿತ್ತಲ್ಲ ಎಂದು ನನಗೆ ನಿವೃತ್ತಿಯಾಗಿ ಇಷ್ಟು ವರ್ಷಗಳ ಮೇಲೆ ಹೊಳೆಯಿತು.

ಬಳಿಕ ಅವನು ತಮ್ಮ ಬಳಗದ ಶಾಸ್ತ್ರವನ್ನು ವಿವರಿಸಿದನು. ಕಾಲುಚೀಲವು ಮೀನಖಂಡದ ಅರ್ಧದವರೆಗೆ ಬರಬೇಕು. ಕನ್ನಡಕದ ಕಡ್ಡಿಗಳು ಹೆಲ್ಮೆಟ್ಟಿನ ಪಟ್ಟಿಯ ಮೇಲಿರಬೇಕು, ಒಳಗಲ್ಲ. ಹ್ಯಾಂಡಲಿಗೆ ಸುತ್ತಿದ ಪಟ್ಟಿಗೂ ಸೀಟಿಗೂ ಒಂದೇ ಬಣ್ಣವಿರಬೇಕು. ಫೋಟೋ ತೆಗೆಯುವಾಗ ಚೈನು ಮುಂದಿನ ದೊಡ್ಡ ಚಕ್ರದ ಮೇಲಿರಬೇಕು. ಮಡ್‌ಗಾರ್ಡ್, ಸ್ಟ್ಯಾಂಡು, ಗಂಟೆ ಇವುಗಳ ಮಾತನ್ನೇ ಎತ್ತಬಾರದು. ಟೈರಿನ ಅಗಲ 25 ಮಿ.ಮೀ. ಇರಬೇಕೋ 28 ಇರಬೇಕೋ, ಬ್ರೇಕು ರಿಮ್ಮನ್ನು ಹಿಡಿಯಬೇಕೋ ಡಿಸ್ಕನ್ನು ಹಿಡಿಯಬೇಕೋ ಎಂಬುದರ ಬಗ್ಗೆ ಗೆಳೆಯರು ಮಾತು ಬಿಡುವ ಮಟ್ಟಕ್ಕೂ ಹೋಗುತ್ತಾರಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗುವ ಅಧಿಕಾರ ನನಗಿರಲಿಲ್ಲ. ಏಕೆಂದರೆ ನಮ್ಮ ಕಾಲದಲ್ಲಿ ಆಳಂದದ ಬಸ್‌ಸ್ಟ್ಯಾಂಡಿನ ಬಳಿಯ ಸೈಕಲ್ ಅಂಗಡಿಯಲ್ಲಿ ನಾವು ಮಾಡುತ್ತಿದ್ದ ಚರ್ಚೆಗಳೇನು ಕಡಿಮೆಯವೇ? ಅಂಗಡಿಯವರನ್ನು ಎಲ್ಲರೂ 'ಉಸ್ತಾದ್' ಎನ್ನುತ್ತಿದ್ದರು. ತಾಸಿಗೆ ನಾಲ್ಕಾಣೆಗೆ ಬಾಡಿಗೆ ಸೈಕಲ್ಲು ಕೊಡುತ್ತಿದ್ದರು. ಸೀಟು ನಿಲುಕದ ಹುಡುಗರು ತ್ರಿಕೋನದೊಳಗೆ ಕಾಲು ತೂರಿಸಿ 'ಕೈಂಚಿ' ಹೊಡೆಯಲು ಕಲಿತದ್ದು ಅಲ್ಲಿಯೇ. ಸಂಜೆ ಅಲ್ಲಿ ಮಾಸ್ತರರು, ಪೋಸ್ಟಮನ್, ಕಿರಾಣಿ ಅಂಗಡಿಯವರು ಸೇರಿದರೆ ಪಂಥಗಳಾಗಿ ಒಡೆಯುತ್ತಿದ್ದರು. ಅಸನ್‌ಸೋಲಿನಲ್ಲಿ ತಯಾರಾಗುತ್ತಿದ್ದ ಹಸಿರು ಬಣ್ಣದ ರ‍್ಯಾಲಿ ಶ್ರೀಮಂತರ ಪಂಥ. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಅಟ್ಲಾಸ್ ನಮ್ಮಂಥ ಸಂಬಳದಾರರ ಪಂಥ. ಮದರಾಸಿನ ಹರ್ಕ್ಯುಲಿಸ್, ಲುಧಿಯಾನದ ಹೀರೋ ಇವುಗಳಿಗೂ ಭಕ್ತರಿದ್ದರು. ಸರಳಿನ ಬ್ರೇಕು ಮೇಲೋ ವೈರಿನ ಬ್ರೇಕು ಮೇಲೋ? ಪೂರ್ತಿ ಚೈನ್‌ಕವರ್ ಬೇಕೋ ಅರ್ಧ ಸಾಕೋ? ಟೈರಿಗೆ ಉಜ್ಜುವ ಡೈನಮೊ ಹಾಕಿಕೊಂಡರೆ ತುಳಿತ ಭಾರವಾಗುವುದು ನಿಜವೋ ಭ್ರಮೆಯೋ? ಮದುವೆಯಲ್ಲಿ ಅಳಿಯನಿಗೆ ಗಡಿಯಾರ ಮತ್ತು ರೇಡಿಯೊ ಜೊತೆಗೆ ಕೊಡುವ ಸೈಕಲ್ಲು ಯಾವ ಕಂಪನಿಯದೆಂಬುದರ ಮೇಲೆ ಬೀಗರ ಮರ್ಯಾದೆ ನಿಂತಿತ್ತು.

ಅತಿ ದೊಡ್ಡ ವಾದವೆಂದರೆ ಮಡ್‌ಗಾರ್ಡಿನದು. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ, ಸೈಕಲ್ಲು ನಿಂತೇಬಿಡುತ್ತದೆ. ಕಡ್ಡಿ ತೆಗೆದುಕೊಂಡು ಕೆರೆಯುತ್ತ ಕೂರಬೇಕು. ಹತ್ತು ಮಾರು ನಡೆದರೆ ಮತ್ತೆ ಅದೇ ಕತೆ. ಆದುದರಿಂದ ಹೊಲಕ್ಕೆ ಹೋಗುವವರು ಅದನ್ನು ಬಿಚ್ಚಿಡಬೇಕೆನ್ನುತ್ತಿದ್ದರು. ಬಿಳಿ ಧೋತರದ ನಾವು, ಮಡ್‌ಗಾರ್ಡ್ ಇಲ್ಲದ ಸೈಕಲ್ಲು ರುಮಾಲಿಲ್ಲದ ತಲೆಯಂತೆ ಎನ್ನುತ್ತಿದ್ದೆವು. ಉಸ್ತಾದರು ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ. "ರಸ್ತಾ ನೋಡಿ ಸೈಕಲ್ ಕಟ್ಟಬೇಕ್ರಿ ಮಾಸ್ತರ್" ಎಂದಷ್ಟೇ ಹೇಳಿ ಪಂಪಿಗೆ ಕೈ ಹಚ್ಚುತ್ತಿದ್ದರು. ಕಚ್ಚಾ ರಸ್ತೆಯಲ್ಲಿ ಹೋಗುವವರ ಟೈರಿನಿಂದ ಸ್ವಲ್ಪ ಗಾಳಿ ಬಿಡುತ್ತಲೂ ಇದ್ದರು. ಕಿರಿದಾದ ಟೈರಿಗೆ ಬಿಗಿಯಾಗಿ ಗಾಳಿ ತುಂಬಿದರೇ ವೇಗ ಹೆಚ್ಚೆಂದು ನಂಬಿದ್ದ ಯೂರೋಪಿನ ಪಂದ್ಯಗಾರರು ಈಗ 23 ಮಿ.ಮೀ. ಬಿಟ್ಟು 28ಕ್ಕೂ ಅದಕ್ಕಿಂತ ಅಗಲಕ್ಕೂ ಬಂದು, ಗಾಳಿಯನ್ನೂ ಕಡಿಮೆ ಮಾಡಿಕೊಂಡಿದ್ದಾರೆಂದು ಮೊಮ್ಮಗನು ಹೇಳಿದಾಗ ನನಗೆ ಉಸ್ತಾದರ ಮುಖ ಕಣ್ಮುಂದೆ ಬಂತು.

ಅವರ ಜೊತೆಗೇ ಇನ್ನೊಂದು ಮುಖವೂ ಬಂತು. ಈ ಲೇಖನ ಬರೆಯಲು ಅದೇ ಕಾರಣ.

1989ರ ಜನವರಿ. ಆಗ ನಾನು ಆಳಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಶಿಸ್ತಿನ ಹೊಣೆ ನನ್ನದು. ಆ ವಿಷಯದಲ್ಲಿ ನನಗೆ ಹೆಸರೂ ಇತ್ತು, ಹೆಸರಿನ ಹೆಮ್ಮೆಯೂ ಇತ್ತು. ಹತ್ತನೆಯ ತರಗತಿಯ ಹುಡುಗನೊಬ್ಬ ಏಳು ಕಿ.ಮೀ. ದೂರದ ಹಳ್ಳಿಯಿಂದ ತಂದೆಯ ಸೈಕಲ್ಲಿನ ಮೇಲೆ ಬರುತ್ತಿದ್ದನು. ಒಂದು ಶನಿವಾರ ಬೆಳಿಗ್ಗೆ ಅವನು ಗೇಟಿನೊಳಗೆ ಬಂದಾಗ ಸೈಕಲ್ಲಿನ ಗುರುತೇ ಸಿಗಲಿಲ್ಲ. ಮಡ್‌ಗಾರ್ಡುಗಳಿಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡು ಇಲ್ಲ, ಚೈನ್‌ಕವರ್ ಇಲ್ಲ, ಗಂಟೆಯೂ ಇಲ್ಲ. ಹ್ಯಾಂಡಲನ್ನು ತಲೆಕೆಳಗಾಗಿಸಿ ಅದಕ್ಕೆ ಹಳೆಯ ಅರಿವೆ ಸುತ್ತಲಾಗಿತ್ತು. ಸೀಟನ್ನು ಮೇಲೆತ್ತಿದ್ದರು. ಹುಡುಗನು ಬೆನ್ನು ಬಾಗಿಸಿ ಬರುತ್ತಿದ್ದನು. ಮಕ್ಕಳು ಚಪ್ಪಾಳೆ ಹೊಡೆದರು.

ನಾನು ಅವನನ್ನು ತಡೆದು, "ಇದು ವಿದ್ಯಾರ್ಥಿಯ ಸೈಕಲ್ಲೋ ಪುಂಡರ ಸೈಕಲ್ಲೋ?" ಎಂದು ಎಲ್ಲರೆದುರು ಕೇಳಿದೆ. ಮರುದಿನ ಊರ ಜಾತ್ರೆಯಲ್ಲಿ ಸೈಕಲ್ ಪಂದ್ಯವಿದೆ ಎಂದು ಅವನು ಮೆಲ್ಲಗೆ ಹೇಳಿದನು. ನಾನು ಕೇಳಿಸಿಕೊಂಡೆ, ಆದರೆ ಕೇಳಲಿಲ್ಲ. ಸೈಕಲ್ಲನ್ನು ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿ, "ಸೋಮವಾರ ಅಪ್ಪನನ್ನು ಕರೆದುಕೊಂಡು ಬಾ. ಎಲ್ಲ ಸಾಮಾನು ಮತ್ತೆ ಹಾಕಿಸಿದ ಮೇಲೆಯೇ ಇದು ಶಾಲೆಯೊಳಗೆ ಬರಬೇಕು" ಎಂದೆ. ಭಾನುವಾರ ಪಂದ್ಯ ನಡೆಯಿತು. ಸೈಕಲ್ಲು ನಮ್ಮ ಕೋಣೆಯಲ್ಲಿಯೇ ಇತ್ತು.

ಸೋಮವಾರ ತಂದೆ ಬಂದರು. ಬರಿಗಾಲು, ಹೆಗಲ ಮೇಲೆ ಟವೆಲ್ಲು. ಮಗನನ್ನು ಬಯ್ಯುವರೆಂದು ನಾನು ಕಾದೆ. ಅವರು ಕೈಮುಗಿದು, "ಬಿಚ್ಚಿದಾಂವ ನಾನೇ ರೀ ಸರ್. ಹುಡುಗನ ಕಾಲಾಗ ಬಲ ಅದ, ಸೈಕಲ್ದಾಗ ಭಾರ ಭಾಳ ಅದ. ಭಾರಷ್ಟು ನಾ ತೆಗದೀನಿ" ಎಂದರು. ನಾನು ನಿಯಮದ ಮಾತನ್ನೇ ಮತ್ತೊಮ್ಮೆ ಹೇಳಿದೆ. ಅವರು ತಲೆಯಾಡಿಸಿ ಸೈಕಲ್ಲನ್ನು ತಳ್ಳಿಕೊಂಡು ಹೋದರು. ಅಂದಿನಿಂದ ಹುಡುಗನು ಶಾಲೆಗೆ ಸೈಕಲ್ಲು ತರಲಿಲ್ಲ. ಪರೀಕ್ಷೆ ಮುಗಿಯುವವರೆಗೂ ನಡೆದೇ ಬಂದನು. ವಿಧೇಯತೆ ಕಲಿತನೆಂದು ನಾನು ಭಾವಿಸಿದೆ.

ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. "ಅದೇ ವರ್ಷ ಜುಲೈಯಲ್ಲಿ ಏನಾಯ್ತು ಗೊತ್ತಾ ಮುತ್ಯಾ?" ಎಂದು ಟೂರ್ ದ ಫ್ರಾನ್ಸ್ ಪಂದ್ಯದ ಕತೆ ಹೇಳಿದನು. ಮೂರು ವಾರಗಳ ಪಂದ್ಯದ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದನಂತೆ. ಉಳಿದದ್ದು ವರ್ಸೇಲ್ಸ್‌ನಿಂದ ಪ್ಯಾರಿಸಿಗೆ 24.5 ಕಿ.ಮೀ. ಮಾತ್ರ. ಅವನು ಮುಂದಕ್ಕೆ ಚಾಚಿದ ಹೊಸ ಬಗೆಯ ಹ್ಯಾಂಡಲನ್ನು ಹಿಡಿದು, ಗಾಳಿಯನ್ನು ಸೀಳುವ ಹೆಲ್ಮೆಟ್ ತೊಟ್ಟು, ಮೈಯನ್ನು ಕುಗ್ಗಿಸಿಕೊಂಡು ತುಳಿದನು. ಫ್ರಾನ್ಸಿನ ಲೊರಾಂ ಫಿನ್ಯೋಂ ಬರಿದಲೆಯಲ್ಲಿ ಬಂದನು. ಇಡೀ ಪಂದ್ಯವನ್ನು ಲೆಮಾಂಡ್ 8 ಸೆಕೆಂಡುಗಳಿಂದ ಗೆದ್ದನು. ಗೆಲುವಿಗೆ ಕಾಲುಗಳ ಬಲ ಕಾರಣವೋ ಹ್ಯಾಂಡಲು ಕಾರಣವೋ ಎಂಬ ವಾದ ಇನ್ನೂ ಮುಗಿದಿಲ್ಲವಂತೆ. ಬೆನ್ನು ಬಾಗಿದಷ್ಟೂ ಗಾಳಿಯ ತಡೆ ಕಡಿಮೆಯೆಂಬುದಂತೂ ವಿಜ್ಞಾನ. ಹ್ಯಾಂಡಲನ್ನು ತಲೆಕೆಳಗು ಮಾಡಿದ ಎರೆಹೊಲದ ರೈತನಿಗೆ ಅದು ತಿಳಿದಿತ್ತು, ಬಿ.ಎಸ್ಸಿ. ಓದಿದ ನನಗೆ ತಿಳಿದಿರಲಿಲ್ಲ.

ನನ್ನಂಥವರು ಎಲ್ಲ ಕಡೆಯೂ ಇದ್ದರೆಂಬುದೇ ಒಂದು ಸಮಾಧಾನ. 1903ರಲ್ಲಿ ಅದೇ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬವನು ಗೇರು ಬದಲಿಸುವುದನ್ನು ವಯಸ್ಸಾದವರ ಊರುಗೋಲೆಂದು ಬಗೆದಿದ್ದನು. ಇಂದು ಎಲ್ಲರೂ ಬಳಸುವ ಗೇರಿನ ಸಾಧನಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕದ್ದು ಅವನು ಹೊಣೆಯಿಂದ ಸರಿದ ಮೇಲೆ, 1937ರಲ್ಲಿ. ಡಿಸ್ಕ್ ಬ್ರೇಕಿಗೂ ಪಂದ್ಯಗಳಲ್ಲಿ ಪೂರ್ಣ ಒಪ್ಪಿಗೆ ಸಿಗಲು 2018ರವರೆಗೆ ಕಾಯಬೇಕಾಯಿತು. ರೂಢಿಯನ್ನು ಸದ್ಗುಣವೆಂದು ತಿಳಿಯುವುದು ಹಿರಿಯರ ಹಳೆಯ ದೋಷ. ಮಡ್‌ಗಾರ್ಡಿನಲ್ಲಿ ನಾನು ಕಂಡದ್ದು ಸಭ್ಯತೆ, ಅಲ್ಲಿದ್ದದ್ದು ತಗಡು.

ಇದಕ್ಕಿಂತ ನೋವಿನ ಸಂಗತಿ ನಮ್ಮ ಹತ್ತಿರದಲ್ಲಿಯೇ ಇದೆ. ನೆರೆಯ ವಿಜಯಪುರ ಮತ್ತು ಅದರಾಚೆಯ ಬಾಗಲಕೋಟೆ ಜಿಲ್ಲೆಗಳ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕಗಳನ್ನು ತಂದಿದ್ದಾರೆ. ಆ ಊರುಗಳಲ್ಲಿ ಸೈಕಲ್ಲಿಗಾಗಿ ಕ್ರೀಡಾನಿಲಯಗಳಿವೆ. ಅಲ್ಲಿಯ ಎರೆಭೂಮಿಯೂ ಇದೇ, ಜೋಳದ ರೊಟ್ಟಿಯೂ ಇದೇ. ವ್ಯತ್ಯಾಸವೆಂದರೆ ಬಾಗಿದ ಬೆನ್ನನ್ನು ನೋಡಿ ಅಲ್ಲಿ ಯಾರೋ ಒಬ್ಬರು 'ಪುಂಡ' ಎನ್ನದೆ 'ಭೇಷ್' ಎಂದರು.

ನಾನು ಸ್ವಲ್ಪವಾದರೂ ಕಲಿತೆನೇ? 2006-07ರಿಂದ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡತೊಡಗಿದಾಗ ನನ್ನ ನಿವೃತ್ತಿಗೆ ಕೆಲವೇ ವರ್ಷಗಳಿದ್ದವು. ಎಲ್ಲ ಸೈಕಲ್ಲುಗಳೂ ಒಂದೇ ರೂಪದವು. ಒಂದು ವಾರದಲ್ಲಿ ಒಂದಕ್ಕೆ ಕಡ್ಡಿಗಳಲ್ಲಿ ಬಣ್ಣದ ಮಣಿ, ಇನ್ನೊಂದಕ್ಕೆ ಹ್ಯಾಂಡಲಿನಲ್ಲಿ ಕುಚ್ಚು, ಮತ್ತೊಂದಕ್ಕೆ ಹೆಸರಿನ ಚೀಟಿ ಬಂದವು. ಯಾವ ಹುಡುಗಿಯ ಸೈಕಲ್ಲು ಯಾವುದೆಂದು ದೂರದಿಂದಲೇ ಹೇಳಬಹುದಿತ್ತು. ಸಹೋದ್ಯೋಗಿಯೊಬ್ಬರು ಇದನ್ನು ನಿಲ್ಲಿಸಬೇಕೆಂದಾಗ ನಾನು ಬೇಡವೆಂದೆ. ಆಗಲೂ ಆ ಹುಡುಗನ ನೆನಪು ಬಂದಿತ್ತು. ಅವನನ್ನು ಹುಡುಕುವ ಧೈರ್ಯ ಬಂದಿರಲಿಲ್ಲ.

ಈ ಬರಹಗಳನ್ನು ಓದುವ ಅವನ ಸಹಪಾಠಿಯೊಬ್ಬನಿಂದ ನಂಬರು ಪಡೆದು ದೀಪಾವಳಿಯ ಮರುವಾರ ಫೋನ್ ಮಾಡಿದೆ. ಈಗ ಅವನಿಗೆ ಐವತ್ತು ದಾಟಿದೆ. ಸೊಲ್ಲಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಕುಶಲ ಕೇಳಿದ ಮೇಲೆ, "ಅಂದು ನಾನು ಮಾಡಿದ್ದು ತಪ್ಪು" ಎಂದೆ. ಅವನು, "ಅದನ್ನ ಇನ್ನೂ ನೆನಪಿಟ್ಟೀರೇನ್ರಿ ಸರ್?" ಎಂದನು. "ನೀನು ಮರೆತಿದ್ದೀಯಾ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಇಲ್ರಿ ಸರ್. ಗೆಲ್ತಿದ್ನೋ ಇಲ್ಲೋ, ಅದು ಬ್ಯಾರೆ ಮಾತು. ಒಮ್ಮೆ ಓಡಿಸಿ ನೋಡಬೇಕಾಗಿತ್ತು, ಅಷ್ಟೇ. ಅಪ್ಪ ಆ ಮಡ್‌ಗಾರ್ಡ ಮತ್ತ ಹಾಕಲೇ ಇಲ್ರಿ. ಸಾಯೋತನಕ ಬೆನ್ನ ಮ್ಯಾಲ ಕೆಸರ ಸಿಡಿಸಿಕೊಂಡೇ ಹೊಲಕ್ಕ ಹೋದ."

ನನಗೆ ಮಾತು ಹೊರಡಲಿಲ್ಲ. ಅವನೇ ಮಾತು ಮುಂದುವರಿಸಿ, ಎಳ್ಳಮಾವಾಸ್ಯೆಗೆ ಊರಿಗೆ ಬರುವುದಾಗಿಯೂ ಚರಗ ಚೆಲ್ಲಲು ನಾನೂ ಅವರ ಹೊಲಕ್ಕೆ ಬರಬೇಕೆಂದೂ ಕರೆದನು. ಅಪ್ಪನ ಸೈಕಲ್ಲು ಹೊಲದ ಗುಡಿಸಲಿನಲ್ಲಿ ಇನ್ನೂ ಇದೆಯಂತೆ. ಅದೂ ಅಟ್ಲಾಸ್. ಆ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತೆಂದು ಓದಿದ್ದೆ. ಸೈಕಲ್ಲುಗಳು ಮಾತ್ರ ನಮ್ಮ ಪಡಸಾಲೆ, ಗುಡಿಸಲುಗಳಲ್ಲಿ ಉಳಿದಿವೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ಗೇಟಿನಲ್ಲಿ ಇಂಥ ಸೈಕಲ್ಲೊಂದು ಕಂಡರೆ ಬೀಗದ ಕೈ ಹುಡುಕುವ ಮೊದಲು, ಇದನ್ನು ಹೀಗೇಕೆ ಮಾಡಿದೆ ಎಂದು ಕೇಳಿರಿ. ಉತ್ತರ ಬರುವವರೆಗೆ ನಿಂತು ಕೇಳಿರಿ. ನಾನು ಎಳ್ಳಮಾವಾಸ್ಯೆಗೆ ಹೋಗುವವನಿದ್ದೇನೆ. ಮೊಮ್ಮಗನೂ ರಜೆ ಹಾಕಿ ಬರುತ್ತೇನೆಂದಿದ್ದಾನೆ. ಆ ಹಳ್ಳಿಯ ರಸ್ತೆಗೆ ಯಾವ ಟೈರು ಹಾಕಬೇಕೆಂದು ಈಗಲೇ ಕೇಳುತ್ತಿದ್ದಾನೆ.