ಕೀಲ್ಪಾಕಿನಲ್ಲಿ ಮುಳ್ಳುಹಣ್ಣು

ಕೀಲ್ಪಾಕಿನಲ್ಲಿ ಮನೆ ಎಂದರೆ ಮದರಾಸಿನ ಹಳಬರು ಇಂದಿಗೂ ಮುಸಿಮುಸಿ ನಗುತ್ತಾರೆ. ಇಲ್ಲಿಯ ಮಾನಸಿಕ ಆರೋಗ್ಯ ಸಂಸ್ಥೆಯ ಹೆಸರು ಅಷ್ಟು ದೂರ ಹಬ್ಬಿದೆ. 1794ರಷ್ಟು ಹಿಂದಿನಿಂದ ಬಂದ ಸೇವೆ ಅದು, ನಗುವಂಥದ್ದೇನೂ ಇಲ್ಲ. ನನ್ನಂಥ ಗುಮಾಸ್ತನಿಗಂತೂ ಆಫೀಸಿಗೆ ಹತ್ತಿರವಾಗಿ ಬಾಡಿಗೆ ಮನೆ ಸಿಕ್ಕಿದ್ದೇ ಭಾಗ್ಯ.

ಅಮ್ಮನಿಗೆ ಮಾತ್ರ ಊರು ಒಗ್ಗಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ಚಿಕ್ಕಮಗಳೂರಿನ ಬೆಟ್ಟದ ಮಗ್ಗುಲಿನ ಹಳ್ಳಿಯಿಂದ ಆಕೆಯನ್ನು ಕರೆತಂದೆವು. ಬಾಲ್ಕನಿಯಲ್ಲಿ ಕುಳಿತು ಬೀದಿ ನೋಡುವುದು, ಬಡಿಸಿದ್ದರಲ್ಲಿ ಅರ್ಧ ಬಿಟ್ಟೇಳುವುದು. "ಹಸಿವಿಲ್ಲ ಮಗಾ" ಎನ್ನುವಳು. ಈ ಧಗೆಯಲ್ಲಿ ಹಸಿವೆಲ್ಲಿಯದು ಎಂದು ನಾವೂ ಸುಮ್ಮನಾಗುತ್ತಿದ್ದೆವು.

ಕಳೆದ ವರ್ಷ ಮಗಳು ಹುಟ್ಟುಹಬ್ಬಕ್ಕೆ ಹಟ ಹಿಡಿದಳು. ಪೂನಮಲ್ಲಿ ಹೈರೋಡಿನ ಗಾಜಿನ ಅಂಗಡಿಯಲ್ಲಿ ರಾಸ್ಬೆರಿ, ಬ್ಲ್ಯಾಕ್‌ಬೆರಿ ನೋಡಿದ್ದಳಂತೆ. 125 ಗ್ರಾಮಿನ ಎರಡು ಡಬ್ಬಿ ಕೊಂಡೆ. ಬೆಲೆಯ ಮಾತು ಬೇಡ. ಹದಿನೈದು ದಿನ ಕ್ಯಾಂಟೀನ್ ಕಾಫಿ ಬಿಟ್ಟೆನೆಂದರೆ ಸಾಕು.

ಡಬ್ಬಿ ತೆರೆದೊಡನೆ ಅಮ್ಮ ಬಾಲ್ಕನಿಯಿಂದ ಎದ್ದು ಬಂದಳು. "ಅಯ್ಯೋ ಪುಟ್ಟೀ, ಇದು ನಮ್ಮ ಬೆಟ್ಟದ ಮುಳ್ಳುಹಣ್ಣಲ್ಲವೇನೇ!" ಕಪ್ಪು ಹಣ್ಣೊಂದನ್ನು ತಿರುಗಿಸಿ ನೋಡಿ, "ಅಲ್ಲ, ನಮ್ಮದು ಕಿತ್ತರೆ ಒಳಗೆ ಟೊಪ್ಪಿಯಂತೆ ಟೊಳ್ಳು. ಇದಕ್ಕೆ ದಿಂಡಿದೆ. ದಾಯಾದಿ ಇರಬೇಕು" ಎಂದಳು.

ಬಿ.ಎ. ಓದಿದ ನನಗೆ ತಿಳಿಯದ್ದು ಆಕೆಗೆ ತಿಳಿದಿತ್ತು. ರಾಸ್ಬೆರಿ ಕಿತ್ತರೆ ದಿಂಡು ಗಿಡದಲ್ಲೇ ಉಳಿಯುತ್ತದೆ, ಬ್ಲ್ಯಾಕ್‌ಬೆರಿಯಲ್ಲಿ ಹಣ್ಣಿನೊಡನೆ ಬರುತ್ತದೆ. ಎರಡೂ ಗುಲಾಬಿಯ ಕುಲದವು. ನಮ್ಮ ಪಶ್ಚಿಮಘಟ್ಟದ ಎತ್ತರದಲ್ಲಿ ಬೆಳೆಯುವ, ಮೊದಲು ಕೆಂಪಾಗಿ ಮಾಗಿದಾಗ ಕಪ್ಪಾಗುವ ಜಾತಿಗೆ ಇಂಗ್ಲಿಷಿನಲ್ಲಿ "ಮೈಸೂರ್ ರಾಸ್ಬೆರಿ" ಎಂದೇ ಹೆಸರು! ಸೆಕೆ ತಡೆಯುವ ಗುಣವಿರುವುದರಿಂದ ಅಮೆರಿಕದ ಫ್ಲಾರಿಡಾದಲ್ಲೂ ಇದನ್ನು ಅದೇ ಹೆಸರಿನಲ್ಲಿ ಬೆಳೆಸುತ್ತಾರೆ. ಮೈಸೂರಿನ ಹೆಸರು ಕೇಳಿ ಅಮ್ಮನ ಮುಖ ಅರಳಿತು.

ಅಂದು ಅಡಿಗೆಮನೆ ಆಕೆಯದಾಯಿತು. ಕಪ್ಪು ಹಣ್ಣಿಗೆ ನಿಂಬೆಗಾತ್ರದ ಬೆಲ್ಲ, ಚಿಟಿಕೆ ಉಪ್ಪು, ಅರ್ಧ ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿದಳು. ಹಣ್ಣು ತಾನಾಗಿ ಒಡೆದ ಮೇಲೆ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ದೋಸೆಗೆ ಸೊಗಸಾದ ಗೊಜ್ಜಾಯಿತು. ಕೆಂಪು ಹಣ್ಣನ್ನು ಒಲೆಗೆ ತೋರಿಸಲೇ ಇಲ್ಲ. ಬಡಿಸುವ ಹೊತ್ತಿಗೆ ಮೊಸರನ್ನದಲ್ಲಿ ಮೆಲ್ಲಗೆ ಕಲಸಿದಳು. ಬೀಜ ಹಲ್ಲಿಗೆ ಸಿಗುತ್ತದೆಂದು ಸೋಸಬಾರದು. ನೂರು ಗ್ರಾಂ ರಾಸ್ಬೆರಿಯಲ್ಲಿ ಆರು ಗ್ರಾಮಿಗೂ ಹೆಚ್ಚು ನಾರಿದೆ, ಬೀಜದಲ್ಲೂ ಅದರ ಪಾಲುಂಟು. ತೊಳೆಯುವುದು ತಿನ್ನುವ ಮುನ್ನವೇ, ತೊಳೆದಿಟ್ಟರೆ ಬೂಷ್ಟು ಬರುತ್ತದೆ. ಆ ದಿನ ಅಮ್ಮ ಎರಡು ಸಲ ಬಡಿಸಿಕೊಂಡಳು.

ತಿಂಗಳಿಗೊಮ್ಮೆ ಈ ಡಬ್ಬಿ ತರುವಷ್ಟು ಸಂಬಳ ನನಗಿಲ್ಲ. ಪುಣ್ಯಕ್ಕೆ ಗಣೇಶನ ಹಬ್ಬದ ಹೊತ್ತಿಗೆ ಆರ್ಮ್ಸ್ ರಸ್ತೆಯ ತಳ್ಳುಗಾಡಿಗೆ ನೇರಳೆ ಬಂತು. ನಮ್ಮ ಕಡೆ ಮುಂಗಾರಿನಲ್ಲೇ ಮುಗಿಯುವ ಹಣ್ಣು ಇಲ್ಲಿ ತಡವಾಗಿ ಸಿಗುತ್ತದೆ. ಇಲ್ಲಿಯವರು ಅದನ್ನು "ನಾವಲ್" ಎನ್ನುತ್ತಾರೆ, ನನ್ನ ಮಗಳಿಗೂ ಅದೊಂದೇ ಹೆಸರು ಗೊತ್ತಿತ್ತು. ಪಕ್ಕದ ಮನೆಯ ಮಾಮಿ ಅವ್ವೈಯಾರಳ ಕಥೆ ಹೇಳಿದರು. ಮರದ ಮೇಲಿನ ದನಗಾಹಿ ಹುಡುಗ "ಸುಟ್ಟ ಹಣ್ಣು ಬೇಕೋ, ಸುಡದ್ದು ಬೇಕೋ" ಎಂದನಂತೆ. ನೆಲಕ್ಕೆ ಬಿದ್ದ ಹಣ್ಣಿನ ಮರಳನ್ನು ಅಜ್ಜಿ ಊದುವಾಗ "ಬಿಸಿಯೇನಜ್ಜಿ?" ಎಂದು ನಕ್ಕನಂತೆ. ಆ ಹುಡುಗ ಮುರುಗನೇ. ಅರ್ಧ ತಮಿಳು ಅರ್ಧ ಕೈಸನ್ನೆಯಲ್ಲಿ ಅಮ್ಮನಿಗೆ ಎಲ್ಲಾ ಅರ್ಥವಾಯಿತು.

ನೇರಳೆಯನ್ನು ಕಿವುಚಿ, ಬೀಜ ತೆಗೆದು, ಉಪ್ಪು, ಹುರಿದ ಜೀರಿಗೆಪುಡಿ, ತಣ್ಣೀರು ಬೆರೆಸಿದರೆ ಪಾನಕ. ಸಕ್ಕರೆ ಕಾಯಿಲೆಗೆ ಇದೇ ಔಷಧಿ ಎಂದು ಮಾತ್ರೆ ಬಿಡುವವರಿದ್ದಾರೆ; ಅಮ್ಮನಿಗೂ ಆ ಆಸೆ ಇತ್ತು, ನಾನು ಬಿಡಲಿಲ್ಲ. ಹಣ್ಣು ಹಣ್ಣೇ.

ಮೊನ್ನೆ ಸಂಜೆ ಆಫೀಸಿನಿಂದ ಬರುವಾಗ ಗಾಡಿಯ ಬಳಿ ಅಮ್ಮನೂ ಮಗಳೂ ಕಂಡರು. ಅಮ್ಮ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಳು, ಗಾಡಿಯವನು ತಮಿಳಿನಲ್ಲಿ ಜಗ್ಗದೆ ನಿಂತಿದ್ದ. ಮಗಳು ನೀಲಿ ನಾಲಗೆ ಚಾಚಿ ನನ್ನನ್ನು ಕೂಗಿದಳು: "ಅಪ್ಪಾ, ನೇರಳೆ!"